ಕಟಕಟೆಯಲ್ಲಿ ನಿಂತವನ ಮನಸ್ಸು

ಸುರಪುರದ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಹಳೆಯ ಬಂಗಲೆಯೊಂದುಂಟು. ಅದನ್ನು ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ. ಕೃಷ್ಣೆ ಭೀಮೆಯರ ನಡುವಣ ಈ ಬೇಡರ ಸಂಸ್ಥಾನದ ದೊರೆ ರಾಜಾ ಕೃಷ್ಣಪ್ಪನಾಯಕನು ೧೮೪೦ರ ದಶಕದ ಆರಂಭದಲ್ಲಿ ತೀರಿಕೊಂಡಾಗ ಗಾದಿಗೆ ಹಕ್ಕುದಾರನಾಗಿದ್ದ ವೆಂಕಟಪ್ಪನಾಯಕನು ಇನ್ನೂ ಎಳೆಯ ಬಾಲಕ. ರಾಣಿ ಈಶ್ವರಮ್ಮನ ದರ್ಬಾರಿಗೂ ಕಂಪೆನಿ ಸರಕಾರಕ್ಕೂ ನಡುವೆ ನಿಂತು ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು ಈ ಟೇಲರ್. ಬಾಲಕನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ. ೧೮೫೩ರಲ್ಲಿ ರಾಜನು ಪ್ರಾಯಪ್ರಬುದ್ಧನಾದಾಗ ಅಧಿಕಾರವನ್ನು ಅವನ ಕೈಗೊಪ್ಪಿಸಿ ಟೇಲರ್ ಸುರಪುರವನ್ನು ಬಿಟ್ಟುಹೋದನು.

ಐದು ವರ್ಷ ಕಳೆಯುವುದರೊಳಗೆ, ೧೮೫೮ರ ಫೆಬ್ರುವರಿಯಲ್ಲಿ, ಸುರಪುರದ ಕೋಟೆಯ ಹೊರಗೆ ಬೇಡ ಪಡೆಗೂ ಬ್ರಿಟಿಷ್ ಸೈನ್ಯಕ್ಕೂ ಕದನ ನಡೆಯಿತು. ಹೆಚ್ಚಿನ ಸೈನ್ಯ ಬರುತ್ತಿರುವ ಸುದ್ದಿ ತಿಳಿದು ರಾಜನು ಹೈದರಾಬಾದಿಗೆ ಹೋದನು. ಅಲ್ಲಿ ಸೆರೆಸಿಕ್ಕಿ, ದಿವಾನ ಸಾಲಾರ್ ಜಂಗನ ಮೂಲಕ ಬ್ರಿಟಿಷ್ ರೆಸಿಡೆಂಟನ ವಶವಾದನು. ಸಿಕಂದರಾಬಾದಿನಲ್ಲಿ ಸೈನಿಕ ನ್ಯಾಯಸಭೆಯ ಮುಂದೆ ವಿಚಾರಣೆಯಾಗಿ ಮರಣದಂಡನೆ ವಿಧಿಸಲ್ಪಟ್ಟಿತು. ರೆಸಿಡೆಂಟನು ಅದನ್ನು ಆಜೀವ ದ್ವೀಪಾಂತರವಾಗಿ ಇಳಿಸಿದನು. ಗವರ್ನರ್ ಜನರಲನು ಮತ್ತಷ್ಟು ಇಳಿಸಿ, ಮದರಾಸಿನ ಸಮೀಪದ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಯೆಂದೂ, ನಡತೆ ಒಳ್ಳೆಯದಾಗಿದ್ದರೆ ಸಂಸ್ಥಾನ ಮರಳಿ ದೊರೆಯಬಹುದೆಂದೂ ಗೊತ್ತುಪಡಿಸಿದನು. ಅಲ್ಲಿಗೆ ಕರೆದೊಯ್ಯುವ ದಾರಿಯ ಮೊದಲನೆಯ ಮಜಲಿನಲ್ಲೇ, ಕಾವಲಿನ ಅಧಿಕಾರಿ ಬಿಚ್ಚಿಟ್ಟಿದ್ದ ರಿವಾಲ್ವರಿನಿಂದ ರಾಜನು ತನ್ನನ್ನು ತಾನೇ ಕೊಂದುಕೊಂಡನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆಗ ಅವನಿಗೆ ಇಪ್ಪತ್ತನಾಲ್ಕರ ಪ್ರಾಯ. ಬರೆದವನು ಆಳುವವರ ಪಕ್ಷದವನೆಂಬುದನ್ನು ಓದುಗರು ಮರೆಯಬಾರದು.

ಇತಿಹಾಸದ ಪಾಠದಲ್ಲಿ ಈ ಕಥೆಯನ್ನು ನಾವು ಸ್ವಾತಂತ್ರ್ಯ ಹೋರಾಟದ ಒಂದು ಅಧ್ಯಾಯವಾಗಿ ಓದುತ್ತೇವೆ. ಅದು ಯುಕ್ತವೇ. ಆದರೆ ಇಲ್ಲಿ ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಲು ಅವಕಾಶವಿದೆ. ನ್ಯಾಯಸಭೆಯ ಮುಂದೆ ನಿಂತಿದ್ದ ಈ ಯುವಕನ ಚಿತ್ತ ಹೇಗಿತ್ತು? ತನ್ನ ಮೇಲಿನ ಆರೋಪವೇನು, ತನ್ನೆದುರು ನಡೆಯುತ್ತಿರುವುದೇನು, ತಾನು ಹೇಳಬಹುದಾದದ್ದೇನು ಎಂಬ ತಿಳಿವು ಅವನಿಗಿತ್ತೆ? ಒಬ್ಬನ ವಿಚಾರಣೆ ನ್ಯಾಯವಾಗಿ ನಡೆಯಬೇಕಾದರೆ ಅವನ ಮನಸ್ಸು ಎಷ್ಟರಮಟ್ಟಿಗೆ ಸ್ವಸ್ಥವಾಗಿರಬೇಕು, ಅದನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಯು ನ್ಯಾಯಶಾಸ್ತ್ರದಷ್ಟೇ ವಿಜ್ಞಾನಕ್ಕೂ ಸೇರಿದ್ದು.

ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ‘ಹುಚ್ಚನಿಗೆ ಶಿಕ್ಷೆಯಿಲ್ಲ’ ಎಂದು ಜನ ಸಾಮಾನ್ಯವಾಗಿ ಹೇಳುವ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಹೋಗಿವೆ. ಒಂದು, ಕೃತ್ಯ ನಡೆದ ಹೊತ್ತಿನಲ್ಲಿ ಆರೋಪಿಯ ಮನಸ್ಸು ಹೇಗಿತ್ತು ಎಂಬುದು. ಇನ್ನೊಂದು, ವಿಚಾರಣೆ ನಡೆಯುವ ಹೊತ್ತಿನಲ್ಲಿ ಅದು ಹೇಗಿದೆ ಎಂಬುದು. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಕುದಿಯುತ್ತಿದ್ದ ನೀರು ಈಗ ತಣ್ಣಗಿರಬಹುದು; ಆಗ ತಣ್ಣಗಿದ್ದದ್ದು ಈಗ ಕುದಿಯುತ್ತಿರಬಹುದು. ಈ ಕ್ಷಣದಲ್ಲಿ ಅದ್ದಿದ ಉಷ್ಣಮಾಪಕವು ಈ ಕ್ಷಣದ ಉಷ್ಣತೆಯನ್ನು ಮಾತ್ರ ತೋರಿಸುತ್ತದೆ.

ಮೊದಲನೆಯ ಪ್ರಶ್ನೆಗೆ ಕಾನೂನಿನಲ್ಲಿ ಪ್ರಸಿದ್ಧವಾದ ಉತ್ತರವಿದೆ. ೧೮೪೩ರಲ್ಲಿ ಮ್ಯಾಕ್‌ನಾಟನ್ ಎಂಬವನು ಬ್ರಿಟಿಷ್ ಪ್ರಧಾನಿಯ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ ಮೊಕದ್ದಮೆಯ ತರುವಾಯ ಇಂಗ್ಲೆಂಡಿನ ನ್ಯಾಯಾಧೀಶರು ಕೆಲವು ನಿಯಮಗಳನ್ನು ಹೇಳಿದರು. ಅವುಗಳ ಸಾರವೇ ೧೮೬೦ರ ಭಾರತ ದಂಡ ಸಂಹಿತೆಯ ೮೪ನೆಯ ಕಲಮಾಗಿ, ಈಗಿನ ಭಾರತೀಯ ನ್ಯಾಯ ಸಂಹಿತೆಯ ೨೨ನೆಯ ಕಲಮಾಗಿ ಉಳಿದುಬಂದಿದೆ. ಚಿತ್ತವಿಕಲತೆಯಿಂದ ತಾನು ಮಾಡುತ್ತಿರುವುದರ ಸ್ವರೂಪವನ್ನಾಗಲಿ, ಅದು ತಪ್ಪೆಂಬುದನ್ನಾಗಲಿ ಅರಿಯಲಾರದವನು ಮಾಡಿದ್ದು ಅಪರಾಧವಲ್ಲ ಎಂಬುದು ಅದರ ತಾತ್ಪರ್ಯ. ಇದು ದೋಷಿಯೋ ನಿರ್ದೋಷಿಯೋ ಎಂಬುದನ್ನು ತೀರ್ಮಾನಿಸುವ ಮಾತು.

ಎರಡನೆಯ ಪ್ರಶ್ನೆ ದೋಷದ ಗೊಡವೆಗೇ ಹೋಗುವುದಿಲ್ಲ. ವಿಚಾರಣೆಯನ್ನು ಈಗ ನಡೆಸಬಹುದೇ ಎಂಬುದಷ್ಟೇ ಅದರ ವಿಷಯ. ಕೃತ್ಯದ ಹೊತ್ತಿನಲ್ಲಿ ಪೂರ್ಣ ಸ್ವಸ್ಥನಾಗಿದ್ದವನು ಸೆರೆಮನೆಯಲ್ಲಿ ತಲೆಗೆ ಪೆಟ್ಟು ಬಿದ್ದು ಮರೆವಿಗೆ ಈಡಾಗಬಹುದು. ಏನನ್ನೂ ಮಾಡದ ನಿರಪರಾಧಿಯೂ ಚಿತ್ತವಿಕಲನಾಗಿರಬಹುದು. ಈ ಎರಡನೆಯವನ ಸ್ಥಿತಿಯೇ ಹೆಚ್ಚು ಕರುಣಾಜನಕ. ‘ನಾನು ಆ ದಿನ ಊರಲ್ಲಿರಲಿಲ್ಲ, ಸುರಪುರದ ಸಂತೆಗೆ ಹೋಗಿದ್ದೆ’ ಎಂಬ ಒಂದು ಮಾತನ್ನು ಹೇಳಲಾರದೆ ಅವನು ಶಿಕ್ಷೆಗೊಳಗಾಗಬಹುದು.

ವಿಚಾರಣೆ ಎಂಬುದು ಎರಡು ಪಕ್ಷಗಳ ನಡುವೆ ನಡೆಯುವ ವಾದ. ಅದರಲ್ಲಿ ಆರೋಪಿಯು ನೋಡುಗನಲ್ಲ, ಅವನಿಗೂ ಕೆಲಸವಿದೆ. ದೋಷಾರೋಪಣೆಯನ್ನು ಓದಿ ಹೇಳಿದಾಗ ಒಪ್ಪುತ್ತೇನೆ ಅಥವಾ ಇಲ್ಲ ಎಂದು ಉತ್ತರಿಸಬೇಕು. ಸಾಕ್ಷಿಯು ಸುಳ್ಳಾಡಿದರೆ ಅದು ಸುಳ್ಳೆಂದು ಗುರುತಿಸಿ ತನ್ನ ವಕೀಲನ ಕಿವಿಯಲ್ಲಿ ಹೇಳಬೇಕು. ಪಾಟೀಸವಾಲಿಗೆ ಬೇಕಾದ ಸಾಮಗ್ರಿಯೆಲ್ಲ ಅವನ ನೆನಪಿನಿಂದಲೇ ಬರಬೇಕು. ಎಷ್ಟು ಚತುರನಾದ ವಕೀಲನೇ ಆಗಲಿ, ಆ ದಿನ ಹೊಲದ ಬದುವಿನಲ್ಲಿ ಯಾರಿದ್ದರು ಯಾರಿರಲಿಲ್ಲ ಎಂಬುದನ್ನು ಊಹಿಸಲಾರನು. ಮೈ ಮಾತ್ರ ಕಟಕಟೆಯಲ್ಲಿದ್ದು ಮನಸ್ಸು ಅಲ್ಲಿಲ್ಲದಿದ್ದರೆ, ಆರೋಪಿಯ ಗೈರುಹಾಜರಿಯಲ್ಲಿ ವಿಚಾರಣೆ ನಡೆಸಿದಂತೆಯೇ ಆಯಿತು.

ಈ ವಿವೇಕ ನಮಗೆ ಪರದೇಶದಿಂದ ಬಂದದ್ದೆಂದು ಭಾವಿಸಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಕಲಬುರ್ಗಿಯ ಸೀಮೆಯ ಮರತೂರು ಅವನ ಊರೆಂದು ಹೇಳುತ್ತಾರೆ. ಮತ್ತನೂ ಉನ್ಮತ್ತನೂ ಬಾಲಕನೂ ಭೀತನೂ ಮಾಡಿದ ವ್ಯವಹಾರವು ಸಿದ್ಧಿಸುವುದಿಲ್ಲವೆಂದು ಆ ಸ್ಮೃತಿ ವಿಧಿಸುತ್ತದೆ. ರೋಗಿಗಳು, ಮಕ್ಕಳು, ಮುದುಕರು, ಉನ್ಮತ್ತರು ಮೊದಲಾದವರನ್ನು ಅರಸನು ನ್ಯಾಯಸಭೆಗೆ ಕರೆಸಬಾರದೆಂಬ ವಚನವನ್ನೂ ಮಿತಾಕ್ಷರೆ ಉದಾಹರಿಸುತ್ತದೆ. ಸುಮಾರು ಒಂಬತ್ತು ಶತಮಾನಗಳ ಹಿಂದೆ, ನಮ್ಮ ಯಾದಗಿರಿಗೆ ಅಷ್ಟೇನೂ ದೂರವಲ್ಲದ ನೆಲದಲ್ಲಿ, ಈ ವಿಷಯ ಪಂಡಿತರ ವಿಚಾರಕ್ಕೆ ಒಳಗಾಗಿತ್ತು.

ಆಧುನಿಕ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಮೊದಲ ಸ್ಪಷ್ಟ ರೂಪ ದೊರೆತದ್ದು ೧೮೩೬ರಲ್ಲಿ, ಇಂಗ್ಲೆಂಡಿನ ಪ್ರಿಚರ್ಡ್ ಎಂಬ ಕಿವುಡು-ಮೂಕ ಆರೋಪಿಯ ಮೊಕದ್ದಮೆಯಲ್ಲಿ. ಅವನು ಹಟದಿಂದ ಸುಮ್ಮನಿದ್ದಾನೆಯೋ ನಿಜವಾಗಿಯೂ ಮೂಕನೋ, ಆರೋಪಕ್ಕೆ ಉತ್ತರ ಕೊಡಬಲ್ಲನೋ, ನಡೆಯುವ ಕಲಾಪವನ್ನು ಅರಿತು ತನ್ನನ್ನು ಸಮರ್ಥಿಸಿಕೊಳ್ಳುವಷ್ಟು ಬುದ್ಧಿಯುಳ್ಳವನೋ ಎಂದು ನ್ಯಾಯಾಧೀಶನು ಜ್ಯೂರಿಯನ್ನು ಕೇಳಿದನು. ೧೯೬೦ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಡಸ್ಕಿ ಎಂಬವನ ಮೊಕದ್ದಮೆಯಲ್ಲಿ ಇದನ್ನು ಮತ್ತಷ್ಟು ಬಿಗಿಗೊಳಿಸಿತು. ಇಂದು ದಿನವೇನು, ಊರು ಯಾವುದು ಎಂದು ಆರೋಪಿಗೆ ಗೊತ್ತಿದ್ದರೆ ಸಾಲದು. ವಕೀಲನೊಡನೆ ತರ್ಕಬದ್ಧವಾಗಿ ಸಮಾಲೋಚಿಸುವ ಶಕ್ತಿ ಅವನಿಗೆ ಈಗ ಇರಬೇಕು, ನಡಾವಳಿಯ ಸಂಗತಿಯೂ ಅರ್ಥವೂ ತಿಳಿದಿರಬೇಕು. ‘ಈಗ’ ಎಂಬ ಮಾತಿಗೆ ಅಲ್ಲಿ ಬಹಳ ತೂಕವಿದೆ.

ಈ ಒರೆಗಲ್ಲಿನ ಮೇಲೆ ಸುರಪುರದ ರಾಜನನ್ನು ಉಜ್ಜಿ ನೋಡೋಣ. ಟೇಲರ್ ಸೆರೆಯಲ್ಲಿ ಅವನನ್ನು ಕಂಡಾಗ ನಡೆದ ಮಾತುಕತೆಯ ವಿವರವನ್ನು ಬರೆದಿಟ್ಟಿದ್ದಾನೆ. ರಾಜನು ಅತ್ತನು, ತಾನು ಹೇಗೆ ಈ ಮಾರ್ಗಕ್ಕೆ ಬಂದೆನೆಂಬುದನ್ನು ಹೇಳಿದನು, ಸಾವಿಗೆ ಅಂಜಲಿಲ್ಲ, ಕಳ್ಳನಂತೆ ನೇಣಿಗೇರುವುದು ಮಾತ್ರ ಬೇಡವೆಂದನು, ಸೆರೆಮನೆಯನ್ನೂ ಕರಿನೀರನ್ನೂ ಸಾವಿಗಿಂತ ಕಡೆಯೆಂದು ಬಗೆದನು. ಇವು ಸ್ಥಿತಿಯನ್ನು ಅರಿತವನ ಮಾತುಗಳು. ಆರೋಪವೇನೆಂಬುದೂ ಅದರ ಫಲವೇನೆಂಬುದೂ ಅವನಿಗೆ ಚೆನ್ನಾಗಿ ತಿಳಿದಿತ್ತು. ದುಃಖವೂ ಭಯವೂ ಅಭಿಮಾನವೂ ಚಿತ್ತವಿಕಲತೆಯಲ್ಲ.

ಇಲ್ಲಿ ಜಾತಕದ ಪ್ರಸಂಗವೊಂದುಂಟು. ರಾಜನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣಹೊಂದುವನೆಂದು ಜ್ಯೋತಿಷಿಗಳು ಹೇಳಿದ್ದರೆಂದೂ, ರಾಣಿ ಈಶ್ವರಮ್ಮನೂ ಅರಮನೆಯ ಶಾಸ್ತ್ರಿಯೂ ಅದನ್ನು ಪೂರ್ಣವಾಗಿ ನಂಬಿದ್ದರೆಂದೂ ಟೇಲರ್ ಬರೆಯುತ್ತಾನೆ. ಜಾತಕದಿಂದ ಮರಣಕಾಲ ತಿಳಿಯುತ್ತದೆಂಬುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ಹಾಗಾದರೆ ಅದನ್ನು ನಂಬಿದವರ ಚಿತ್ತ ಸ್ವಸ್ಥವಲ್ಲವೆ? ಮನೋವೈದ್ಯರು ಹಾಗೆ ಹೇಳುವುದಿಲ್ಲ. ಸಾಕ್ಷ್ಯಕ್ಕೆ ಬಗ್ಗದ, ಆ ವ್ಯಕ್ತಿ ಹುಟ್ಟಿಬೆಳೆದ ಸಮಾಜದವರೂ ಒಪ್ಪದ ಸ್ಥಿರ ಮಿಥ್ಯಾನಂಬಿಕೆಗೆ ಮಾತ್ರ ಅವರು ಭ್ರಾಂತಿಯೆಂದು ಹೆಸರಿಡುತ್ತಾರೆ. ಊರಿಗೆ ಊರೇ ನಂಬುವುದು ತಪ್ಪಾಗಿರಬಹುದು, ರೋಗವಲ್ಲ. ಜಾತ್ರೆಯಲ್ಲಿ ಮೈದುಂಬಿ ದೇವರ ಮಾತನ್ನಾಡಿದವಳು ಮರುದಿನ ಎಂದಿನಂತೆ ಹತ್ತಿ ಬಿಡಿಸಲು ಹೋಗುತ್ತಾಳೆ. ಆದರೆ ‘ನನ್ನ ತಲೆಯೊಳಗಿನ ಮಾತನ್ನು ಎದುರುಮನೆಯವನು ತಂತಿಯ ಮೂಲಕ ಕದಿಯುತ್ತಿದ್ದಾನೆ’ ಎಂದು ಹಗಲಿರುಳು ಹೇಳುವವನನ್ನು ಕಂಡು ಅವನ ಅಣ್ಣತಮ್ಮಂದಿರೇ ಕಳವಳಪಡುತ್ತಾರೆ. ಈ ಎರಡರ ನಡುವಣ ಗೆರೆಯನ್ನು ದೂರದಿಂದ ಬಂದ ವೈದ್ಯನಿಗಿಂತ ಓಣಿಯ ಮುದುಕಿ ಮೊದಲೇ ಕಂಡಿರುತ್ತಾಳೆಂಬುದು ನನ್ನ ಅಭಿಪ್ರಾಯ.

ಆದುದರಿಂದ ರಾಜನು ವಿಚಾರಣೆಗೆ ಮಾನಸಿಕವಾಗಿ ಅರ್ಹನೇ ಆಗಿದ್ದನೆನ್ನಬೇಕು. ಅಷ್ಟರಿಂದ ವಿಚಾರಣೆ ನ್ಯಾಯವಾಯಿತೆಂದು ಹೇಳುವಂತಿಲ್ಲ. ಅವನು ಯಾರ ಸೈನ್ಯದ ಮೇಲೆ ಕಾದಿದನೋ ಆ ಸೈನ್ಯದ ಅಧಿಕಾರಿಗಳೇ ಅವನ ನ್ಯಾಯಾಧೀಶರು. ಒಬ್ಬ ಸಂಸ್ಥಾನಿಕನನ್ನು ಕಂಪೆನಿಯು ತನ್ನ ಪ್ರಜೆಯಂತೆ ವಿಚಾರಿಸಬಹುದೇ ಎಂಬುದೇ ವಾದಾಸ್ಪದ. ಆರೋಪಿಯ ಅರ್ಹತೆ ನ್ಯಾಯವಿಚಾರಣೆಯ ಬಾಗಿಲು. ಒಳಗಿರುವ ಪೀಠವು ನಿಷ್ಪಕ್ಷಪಾತವಾಗಿರಬೇಕಾದದ್ದು ಬೇರೆಯೇ ಒಂದು ಅಗತ್ಯ. ಕುತೂಹಲದ ವಿಷಯವೆಂದರೆ, ಅದೇ ೧೮೫೮ರಲ್ಲಿ ಚಿತ್ತವಿಕಲರಿಗೆ ಸಂಬಂಧಿಸಿದ ಮೂರು ಕಾಯಿದೆಗಳು ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದವು. ಆದರೆ ೧೮೬೦ರಲ್ಲಿ ಸುರಪುರವನ್ನು ನಿಜಾಮನಿಗೆ ಬಿಟ್ಟುಕೊಡಲಾಯಿತು. ಮುಂದೆ ಹೈದರಾಬಾದ್ ಸಂಸ್ಥಾನದ ಮಾನಸಿಕ ಆಸ್ಪತ್ರೆ ಬಹುಕಾಲ ಜಾಲ್ನಾದಲ್ಲಿತ್ತು. ಅದು ಎರ್ರಗಡ್ಡಕ್ಕೆ ಬಂದದ್ದು ೧೯೫೩ರಲ್ಲಿ. ಶಹಾಪುರದ ರೈತನೊಬ್ಬನ ಮಗನಿಗೆ ಬುದ್ಧಿ ಕೆಟ್ಟರೆ ಜಾಲ್ನಾ ಎಷ್ಟು ದೂರವೆಂಬುದನ್ನು ಭೂಪಟ ತೆರೆದು ನೋಡಿರಿ.

ಈಗ ಅಳತೆಯ ವಿಷಯಕ್ಕೆ ಬರೋಣ. ರಕ್ತದ ಒಂದು ಹನಿಯಿಂದ ಸಕ್ಕರೆಯ ಪ್ರಮಾಣವನ್ನು ಹೇಳಬಹುದು. ಚಿತ್ತಸ್ವಾಸ್ಥ್ಯವನ್ನು ಹೇಳುವ ಹನಿ ಇನ್ನೂ ದೊರೆತಿಲ್ಲ. ಮೆದುಳಿನ ಚಿತ್ರವನ್ನು ತೆಗೆಯುವ ಯಂತ್ರಗಳು ಗಡ್ಡೆಯನ್ನೋ ಪೆಟ್ಟನ್ನೋ ತೋರಿಸಬಲ್ಲವೇ ಹೊರತು, ‘ಈತನು ಮೊಕದ್ದಮೆಯನ್ನು ಅರ್ಥಮಾಡಿಕೊಳ್ಳಬಲ್ಲನೆ’ ಎಂಬ ಪ್ರಶ್ನೆಗೆ ಉತ್ತರ ಕೊಡಲಾರವು. ವೈದ್ಯನ ಮುಖ್ಯ ಉಪಕರಣ ಮಾತುಕತೆ. ಹೊತ್ತು, ಸ್ಥಳ, ಎದುರಿಗಿರುವ ಜನ ಇವುಗಳ ಅರಿವು ಇದೆಯೇ ಎಂದು ಮೊದಲು ನೋಡುತ್ತಾನೆ. ಆಮೇಲೆ ಅವಧಾನ, ನೆನಪು, ವಿಚಾರದ ಸರಣಿ, ಭ್ರಾಂತಿಗಳು, ಇಲ್ಲದ ಧ್ವನಿಗಳನ್ನು ಕೇಳುವುದು ಇವುಗಳನ್ನು ಪರೀಕ್ಷಿಸುತ್ತಾನೆ. ಕೊನೆಗೆ ನ್ಯಾಯಾಸ್ಥಾನಕ್ಕೆ ಸಂಬಂಧಿಸಿದ ಪ್ರಶ್ನೆಗಳು ಬರುತ್ತವೆ: ನಿನ್ನ ಮೇಲೆ ಏನು ಆರೋಪ ಹೊರಿಸಿದ್ದಾರೆ? ನ್ಯಾಯಾಧೀಶರ ಕೆಲಸವೇನು? ನಿನ್ನ ವಕೀಲರು ಯಾರ ಪರ? ತಪ್ಪು ಒಪ್ಪಿಕೊಂಡರೆ ಏನಾಗುತ್ತದೆ?

ಅವಧಾನವನ್ನು ಪರೀಕ್ಷಿಸಲು ವೈದ್ಯರು ನೂರರಿಂದ ಏಳನ್ನು, ಉಳಿದದ್ದರಿಂದ ಮತ್ತೆ ಏಳನ್ನು ಕಳೆಯುತ್ತ ಹೋಗುವಂತೆ ಹೇಳುವ ರೂಢಿಯಿದೆ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ನೀವು ಹೇಳುತ್ತೀರಿ. ಶಾಲೆಯ ಮೆಟ್ಟಿಲನ್ನೇ ಹತ್ತದ ಕುರಿಗಾಹಿ ಹೇಳಲಾರನು. ಅವನನ್ನು ಮಂದಮತಿಯೆನ್ನಬಹುದೆ? ಅದೇ ಕುರಿಗಾಹಿ ಎರಡುನೂರು ಕುರಿಗಳ ಹಿಂಡಿನಲ್ಲಿ ಒಂದು ಕಾಣೆಯಾದರೆ ಎಣಿಸದೆಯೇ ಗುರುತಿಸುತ್ತಾನೆ, ಸಂತೆಯಲ್ಲಿ ದಲಾಲಿಯ ಲೆಕ್ಕದ ಮೋಸವನ್ನು ಹಿಡಿಯುತ್ತಾನೆ. ಇಲ್ಲಿ ದೋಷವು ಅಳೆಯಲ್ಪಟ್ಟ ವಸ್ತುವಿನದಲ್ಲ, ಅಳತೆಗೋಲಿನದು. ಪ್ರಯೋಗಶಾಲೆಯಲ್ಲಿ ಯಾವ ಮಾಪಕವನ್ನೂ ಅದನ್ನು ಬಳಸುವ ಸ್ಥಿತಿಗೆ ಸರಿಹೊಂದಿಸದೆ ನಾವು ನಂಬುವುದಿಲ್ಲ. ಮನಸ್ಸಿನ ಮಾಪಕಕ್ಕೂ ಅದೇ ಮಾತು ಸಲ್ಲುತ್ತದೆ. ೧೯೭೫ರಲ್ಲಿ ಅಮೆರಿಕದಲ್ಲಿ ರಚಿತವಾದ ಸಂಕ್ಷಿಪ್ತ ಮನಃಸ್ಥಿತಿ ಪರೀಕ್ಷೆಯನ್ನು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಬಳಸಲು ಹೊರಟ ಸಂಶೋಧಕರು ೧೯೯೦ರ ದಶಕದಲ್ಲಿ ಅದನ್ನು ನಿರಕ್ಷರಿಗಳಿಗೆ ಒಗ್ಗುವಂತೆ ಹಿಂದಿಯಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಭಾಷೆಯೂ ಇಂಥದೇ ತೊಡಕು. ನಮ್ಮ ಜಿಲ್ಲೆಯಲ್ಲಿ ಕನ್ನಡದ ಜೊತೆಗೆ ಉರ್ದು ಉಂಟು, ತೆಲುಗು ಉಂಟು, ತಾಂಡಾಗಳಲ್ಲಿ ಲಂಬಾಣಿ ಉಂಟು. ತನ್ನದಲ್ಲದ ಭಾಷೆಯ ಪ್ರಶ್ನೆಗೆ ತಡವರಿಸಿದವನನ್ನು ಚಿತ್ತವಿಕಲನೆಂದು ಬರೆದುಬಿಡುವುದು ಸುಲಭ. ಹಾಗೆಯೇ ನಿಜವಾದ ವಿಕಲತೆಯನ್ನು ‘ಹಳ್ಳಿಗ, ಹೆದರಿದ್ದಾನೆ’ ಎಂದು ಕಡೆಗಣಿಸುವುದೂ ಸುಲಭ.

ಹುಚ್ಚನ ಸೋಗು ಹಾಕುವವರಿಲ್ಲವೆ? ಉಂಟು. ಆದರೆ ಸೋಗನ್ನು ಬಹುಕಾಲ ಹೊತ್ತಿರುವುದು ಕಷ್ಟ. ನಿಜವಾದ ರೋಗಕ್ಕೆ ಒಂದು ಕ್ರಮವಿದೆ; ನಿದ್ರೆ, ಊಟ, ಮಾತಿನ ವೇಗ ಇವೆಲ್ಲ ಒಟ್ಟಿಗೆ ಕೆಡುತ್ತವೆ. ಸೋಗುಗಾರನು ವೈದ್ಯನ ಮುಂದೆ ಅಬ್ಬರಿಸಿ ರಾತ್ರಿ ಚೆನ್ನಾಗಿ ನಿದ್ರಿಸುತ್ತಾನೆ. ಆದಕಾರಣ ಒಂದು ಗಳಿಗೆಯ ಭೇಟಿಗಿಂತ ಆಸ್ಪತ್ರೆಯ ವಾರ್ಡಿನಲ್ಲಿ ಕೆಲವು ದಿನ ಇರಿಸಿ ನೋಡುವುದು ಹೆಚ್ಚು ನಂಬಲರ್ಹ.

ಮನಸ್ಸಿನ ಸ್ಥಿತಿ ಕಾಲದೊಡನೆ ಬದಲಾಗುತ್ತದೆಂಬುದನ್ನೂ ನೆನೆಯಬೇಕು. ಹೆಂಡಕ್ಕೆ ದಾಸನಾದವನನ್ನು ದಸ್ತಗಿರಿ ಮಾಡಿ ಕೂಡಿಟ್ಟರೆ, ಕುಡಿತ ಒಮ್ಮೆಲೇ ನಿಂತ ಎರಡು ಮೂರು ದಿನಗಳಲ್ಲಿ ಅವನು ಗೋಡೆಯ ಮೇಲೆ ಹುಳುಗಳನ್ನು ಕಂಡು ಚೀರಬಹುದು. ಚಿಕಿತ್ಸೆ ದೊರೆತರೆ ವಾರದಲ್ಲಿ ಸರಿಹೋಗಬಹುದು. ಮೂರ್ಛೆರೋಗದ ತರುವಾಯದ ಮಬ್ಬು ಗಂಟೆಗಳದು. ಸ್ಕಿಜೋಫ್ರೇನಿಯಾ ತಿಂಗಳು ವರ್ಷಗಳದು. ಹುಟ್ಟಿನಿಂದ ಬಂದ ಬುದ್ಧಿಮಾಂದ್ಯವಾದರೋ ಔಷಧದಿಂದ ಹೋಗುವಂಥದಲ್ಲ. ‘ಗುಣವಾಗುವ ತನಕ ವಿಚಾರಣೆಯನ್ನು ಮುಂದಕ್ಕೆ ಹಾಕಬೇಕು’ ಎಂಬ ಒಂದೇ ವಾಕ್ಯ ಇವರಲ್ಲಿ ಒಬ್ಬನಿಗೆ ಒಂದು ವಾರವಾದರೆ ಇನ್ನೊಬ್ಬನಿಗೆ ಇಡೀ ಆಯುಷ್ಯ.

ಹಳೆಯ ಕಾನೂನಿನ ಕ್ರೌರ್ಯ ಇಲ್ಲಿಯೇ ಅಡಗಿತ್ತು. ೧೮೯೮ರ ದಂಡ ಪ್ರಕ್ರಿಯಾ ಸಂಹಿತೆಯ ೪೬೪ ಮತ್ತು ೪೬೫ನೆಯ ಕಲಮುಗಳು ವಿಚಾರಣೆಯನ್ನು ಮುಂದೂಡುವಂತೆ ವಿಧಿಸಿದಾಗ ಗುಣಪಡಿಸುವ ಔಷಧವೇ ಇರಲಿಲ್ಲ. ೧೯೩೧ರಲ್ಲಿ ಗಣನಾಥ ಸೇನ ಮತ್ತು ಕಾರ್ತಿಕಚಂದ್ರ ಬೋಸ ಎಂಬ ಭಾರತೀಯರು ಸರ್ಪಗಂಧಿಯ ಬೇರಿನ ಪರಿಣಾಮವನ್ನು ಉನ್ಮಾದದಲ್ಲಿ ವರದಿ ಮಾಡಿದರು. ೧೯೫೨ರಲ್ಲಿ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದಿತು. ಅಲ್ಲಿಂದೀಚೆಗೆ ಮುಂದೂಡಿಕೆಗೆ ಒಂದು ಅರ್ಥ ಬಂದಿತು. ಸಂಕೋಲೆಯಲ್ಲಿರುತ್ತಿದ್ದ ಎಷ್ಟೋ ಜನ ಕೆಲವು ವಾರಗಳ ಗುಳಿಗೆಯಿಂದ ಮಾತುಕತೆಗೆ ಬರುವಂತಾದರು. ನ್ಯಾಯಶಾಸ್ತ್ರದ ಒಂದು ಕಲಮು ರಸಾಯನಶಾಸ್ತ್ರದಿಂದ ಜೀವತಳೆದ ಉದಾಹರಣೆ ಇದು.

ಈಗಿನ ಕಾನೂನು ಹೇಗೆ ನಡೆಯುತ್ತದೆಂಬುದನ್ನು ಒಂದು ಕಲ್ಪಿತ ಪ್ರಸಂಗದಿಂದ ನೋಡೋಣ. ಶಹಾಪುರ ತಾಲ್ಲೂಕಿನ ಹಳ್ಳಿಯ ಯುವಕನೊಬ್ಬನು ನೆರೆಯವನನ್ನು ಕೊಡಲಿಯಿಂದ ಗಾಯಗೊಳಿಸಿದನೆಂದು ಪೋಲೀಸರು ಹಿಡಿದಿದ್ದಾರೆ. ಮ್ಯಾಜಿಸ್ಟ್ರೇಟರು ಹೆಸರು ಕೇಳಿದರೆ ನಗುತ್ತಾನೆ. ಆರೋಪ ಓದಿದರೆ ಗೋಡೆಯೊಡನೆ ಮಾತನಾಡುತ್ತಾನೆ. ೧-೭-೨೦೨೪ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೩೬೭ನೆಯ ಕಲಮಿನಂತೆ, ಚಿತ್ತವಿಕಲತೆಯಿರಬಹುದೆಂದು ನಂಬಲು ಕಾರಣ ಕಂಡೊಡನೆ ಮ್ಯಾಜಿಸ್ಟ್ರೇಟರು ಆ ವಿಷಯವನ್ನೇ ಮೊದಲು ವಿಚಾರಿಸತಕ್ಕದ್ದು. ಸೆಷನ್ಸ್ ನ್ಯಾಯಾಲಯದ ವಿಚಾರಣೆಗೆ ೩೬೮ನೆಯ ಕಲಮು ಇದನ್ನೇ ಹೇಳುತ್ತದೆ. ಆರೋಪಿಯಾಗಲಿ ವಕೀಲನಾಗಲಿ ಕೇಳಲೇಬೇಕೆಂದಿಲ್ಲ. ನ್ಯಾಯಾಧೀಶರಿಗೆ ಹಾಗೆ ತೋರಿದರೆ ಸಾಕು. (ಹೀಗೆ ತೋರುವುದಕ್ಕೆ ಸಂಬಂಧಿಸಿದ ಹಳೆಯ ಕಲಮಿನ ವಾದ ಮೈಸೂರು ರಾಜ್ಯದ ಒಂದು ಮೊಕದ್ದಮೆಯಲ್ಲಿ ೧೯೭೧ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು.)

ಯುವಕನನ್ನು ಸರಕಾರಿ ವೈದ್ಯರು ಪರೀಕ್ಷಿಸಿ, ಮನೋವೈದ್ಯರ ಅಥವಾ ಚಿಕಿತ್ಸಾ ಮನೋವಿಜ್ಞಾನಿಯ ಬಳಿಗೆ ಕಳಿಸುತ್ತಾರೆ. ಅವರ ಅಭಿಪ್ರಾಯವನ್ನು ಒಪ್ಪದಿದ್ದರೆ ಆರೋಪಿಯು ವೈದ್ಯಕೀಯ ಮಂಡಲಿಗೆ ಮನವಿ ಮಾಡಿಕೊಳ್ಳಬಹುದು. ತನ್ನನ್ನು ಸಮರ್ಥಿಸಿಕೊಳ್ಳಲಾರನೆಂದು ತೀರ್ಮಾನವಾದರೆ ಏನಾಗಬೇಕು? ಇಲ್ಲಿ ೨೦೦೮ರ ತಿದ್ದುಪಡಿಯಿಂದ ಬಂದ ಒಂದು ಒಳ್ಳೆಯ ನಿಯಮವಿದೆ. ಆರೋಪಿಯನ್ನು ಪ್ರಶ್ನಿಸದೆ, ಅವನ ವಕೀಲರ ಮಾತನ್ನು ಕೇಳಿ, ಫಿರ್ಯಾದಿ ಪಕ್ಷದ ಸಾಕ್ಷ್ಯವನ್ನು ನ್ಯಾಯಾಲಯವು ನೋಡಬೇಕು. ಮೇಲ್ನೋಟಕ್ಕೇ ಮೊಕದ್ದಮೆ ನಿಲ್ಲುವಂತಿಲ್ಲದಿದ್ದರೆ ಅವನನ್ನು ಅಲ್ಲಿಯೇ ಬಿಟ್ಟುಬಿಡಬೇಕು. ಹುರುಳಿಲ್ಲದ ಆರೋಪದ ಮೇಲೆ ಒಬ್ಬನು ಗುಣವಾಗುವ ತನಕ ಕಾಯುತ್ತ ಕೊಳೆಯುವುದು ಇದರಿಂದ ತಪ್ಪುತ್ತದೆ. ಮೊಕದ್ದಮೆಯಲ್ಲಿ ಹುರುಳಿದ್ದರೆ, ಚಿಕಿತ್ಸೆಗೆ ಬೇಕಾದಷ್ಟು ಕಾಲ ವಿಚಾರಣೆ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಇರಲೇಬೇಕಾದ ರೋಗವಲ್ಲದಿದ್ದು, ಬಂಧುವೋ ಗೆಳೆಯನೋ ಚಿಕಿತ್ಸೆ ಕೊಡಿಸುವ ಹೊಣೆ ಹೊತ್ತರೆ, ಜಾಮೀನಿಗೆ ಅರ್ಹವಲ್ಲದ ಅಪರಾಧದಲ್ಲಿಯೂ ಅವನನ್ನು ಮನೆಗೆ ಕಳಿಸಬಹುದು. ಇಲ್ಲವಾದರೆ ಮನೋವೈದ್ಯಕೀಯ ಚಿಕಿತ್ಸೆ ಕ್ರಮವಾಗಿ ದೊರೆಯುವ ಸ್ಥಳದಲ್ಲಿರಿಸಬೇಕು. ನಮ್ಮ ರಾಜ್ಯದಲ್ಲಿ ಇಂಥ ದೊಡ್ಡ ಸಂಸ್ಥೆಗಳೆಂದರೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿದೆ. ಕಾಗದ ಎಲ್ಲೋ ಒಂದು ಕಡೆ ನಿಂತುಹೋದರೆ ಏನಾಗುತ್ತದೆಂಬುದನ್ನು ಅಸ್ಸಾಮಿನ ಮಚಾಂಗ್ ಲಾಲುಂಗನ ಬಾಳು ತೋರಿಸಿಕೊಟ್ಟಿತು. ಗಾಯಗೊಳಿಸಿದ ಆರೋಪದ ಮೇಲೆ ೧೯೫೧ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ ಅವನನ್ನು ಹಿಡಿದರು. ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. ೧೯೬೭ರಲ್ಲಿಯೇ ಅವನು ಸ್ವಸ್ಥನೆಂದು ಆಸ್ಪತ್ರೆಯು ತಿಳಿಸಿತ್ತು. ಅವನನ್ನು ಮರಳಿ ಸೆರೆಮನೆಗೆ ಕಳಿಸಲಾಯಿತೇ ಹೊರತು ವಿಚಾರಣೆ ನಡೆಯಲೇ ಇಲ್ಲ. ೨೦೦೫ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಅವನು ಹೊರಬಂದಾಗ ಐವತ್ತನಾಲ್ಕು ವರ್ಷಗಳು ಕಳೆದಿದ್ದವು. ಅಪರಾಧ ಸಾಬೀತಾಗಿ ಹತ್ತು ವರ್ಷದ ಕಠಿಣ ಶಿಕ್ಷೆಯೇ ಆಗಿದ್ದರೂ ೧೯೬೧ರ ಸುಮಾರಿಗೆ ಅವನು ತನ್ನ ಹಳ್ಳಿಯಲ್ಲಿ ಗದ್ದೆ ಉಳುತ್ತಿರುತ್ತಿದ್ದನು. ‘ಅನರ್ಹ’ ಎಂಬ ಒಂದು ಪದವೇ ಅಪರಾಧಕ್ಕಿಂತ ಭಾರವಾಯಿತು.

ಇದೊಂದೇ ಅಲ್ಲ. ಬಿಹಾರದ ಹಜಾರಿಬಾಗ್ ಸೆರೆಮನೆಯಲ್ಲಿ ಚಿತ್ತವಿಕಲರೆಂದು ಇಪ್ಪತ್ತು ಮೂವತ್ತು ವರ್ಷ ಕೂಡಿಹಾಕಲ್ಪಟ್ಟಿದ್ದವರ ಸ್ಥಿತಿಯನ್ನು ೧೯೮೨ರಲ್ಲಿ ಒಂದು ಪತ್ರದ ಮೂಲಕ ತಿಳಿದ ಸರ್ವೋಚ್ಚ ನ್ಯಾಯಾಲಯವು, ಗುಣವಾದ ಮೇಲೂ ಅವರನ್ನು ಇರಿಸಿಕೊಂಡದ್ದನ್ನು ತೀವ್ರವಾಗಿ ಖಂಡಿಸಿ ಬಿಡುಗಡೆ ಮಾಡಿಸಿತು. ಪತ್ರವನ್ನೇ ಅರ್ಜಿಯಾಗಿ ಎಣಿಸಿದ ಮೊಕದ್ದಮೆ ಅದು. ಅಮೆರಿಕದಲ್ಲಿ ಜಾಕ್ಸನ್ ಎಂಬ ಕಿವುಡು-ಮೂಕನನ್ನು ಒಟ್ಟು ಒಂಬತ್ತು ಡಾಲರುಗಳ ಕಳವಿಗಾಗಿ ಹಿಡಿದು, ಅವನು ಅರ್ಹನಾಗುವ ಸಂಭವವೇ ಇಲ್ಲದಿದ್ದರೂ, ಅನಿರ್ದಿಷ್ಟ ಕಾಲ ಕೂಡಿಟ್ಟಿದ್ದರು. ಹಾಗೆ ಮಾಡತಕ್ಕದ್ದಲ್ಲ, ಅರ್ಹನಾಗುವನೋ ಇಲ್ಲವೋ ಎಂದು ತಿಳಿಯಲು ಬೇಕಾದಷ್ಟು ಕಾಲವನ್ನು ಮೀರಿ ಇರಿಸಿಕೊಳ್ಳಕೂಡದು ಎಂದು ೧೯೭೨ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ನಮ್ಮಲ್ಲಿ ಸುರಕ್ಷಾ ಸಂಹಿತೆಯ ೪೭೯ನೆಯ ಕಲಮು, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಕಳೆದ ವಿಚಾರಣಾಧೀನ ಕೈದಿಯನ್ನು ಜಾಮೀನಿನ ಮೇಲೆ ಬಿಡುವಂತೆ ಹೇಳುತ್ತದೆ. ಮರಣದಂಡನೆ ಅಥವಾ ಆಜೀವ ಸೆರೆಯ ಶಿಕ್ಷೆಯುಳ್ಳ ಅಪರಾಧಗಳಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಗಂಭೀರ ಆರೋಪಕ್ಕೊಳಗಾದ, ಗುಣವಾಗದ ರೋಗಿಗೆ ಹೀಗೆ ಯಾವ ಮಿತಿಯೂ ಉಳಿಯುವುದಿಲ್ಲ. ಇದು ಕಾನೂನಿನಲ್ಲಿ ಇನ್ನೂ ಮುಚ್ಚದ ಬಿರುಕು ಎಂದೇ ನಾನು ತಿಳಿಯುತ್ತೇನೆ.

ಇಂಥ ರೋಗಿಗಳು ಎಲ್ಲೋ ವಿರಳವಾಗಿ ಸಿಗುವವರೆಂದು ಭಾವಿಸಬಾರದು. ನಿಮ್ಹಾನ್ಸಿನ ವೈದ್ಯರು ಬೆಂಗಳೂರಿನ ಕೇಂದ್ರ ಕಾರಾಗೃಹದ ೫,೦೨೪ ಕೈದಿಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ವರದಿಯನ್ನು ಪ್ರಕಟಿಸಿದರು. ಮಾದಕ ಚಟಗಳನ್ನು ಲೆಕ್ಕಕ್ಕೆ ಹಿಡಿಯದೆಯೇ ನೂರಕ್ಕೆ ೨೭.೬ರಷ್ಟು ಜನರಲ್ಲಿ ಗುರುತಿಸಬಹುದಾದ ಮಾನಸಿಕ ಕಾಯಿಲೆಯಿತ್ತು. ಇವರೆಲ್ಲರೂ ವಿಚಾರಣೆಗೆ ಅನರ್ಹರೆಂದಲ್ಲ. ಖಿನ್ನತೆಯುಳ್ಳ ಬಹುಮಂದಿ ಮೊಕದ್ದಮೆಯನ್ನು ಚೆನ್ನಾಗಿಯೇ ಅರಿಯಬಲ್ಲರು. ಆದರೆ ಯಾರು ಬಲ್ಲರು, ಯಾರು ಅರಿಯಲಾರರು ಎಂದು ಬೇರ್ಪಡಿಸಲು ನೋಡುವ ಕಣ್ಣು ಬೇಕು. ಮನೋವೈದ್ಯಕೀಯವನ್ನು ಜಿಲ್ಲೆಯ ಮಟ್ಟಕ್ಕೆ ಒಯ್ಯಬಹುದೆಂಬುದನ್ನು ದೇಶಕ್ಕೆ ಮೊದಲು ಮಾಡಿತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ. ೧೯೮೫ರಲ್ಲಿ ಅಲ್ಲಿ ನಿಮ್ಹಾನ್ಸ್ ಕೈಗೊಂಡ ಪ್ರಯೋಗವೇ ಮುಂದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದರ ಸಾರ ಇಷ್ಟೆ: ಸಾಧಾರಣ ವೈದ್ಯನಿಗೂ ಆರೋಗ್ಯ ಕಾರ್ಯಕರ್ತರಿಗೂ ಕೆಲವು ವಾರಗಳ ತರಬೇತಿ, ನಾಲ್ಕಾರು ಮುಖ್ಯ ಔಷಧಗಳು, ತಪ್ಪದ ಭೇಟಿ.

ನಮ್ಮ ಕಲ್ಪಿತ ಯುವಕನಿಗೆ ಮನೋವೈದ್ಯನಷ್ಟೇ ಮುಖ್ಯನಾದವನು ವಕೀಲನು. ಸಂವಿಧಾನದ ೨೨ನೆಯ ಅನುಚ್ಛೇದ ವಕೀಲನನ್ನು ಹೊಂದುವ ಹಕ್ಕನ್ನೂ, ೩೯-ಎ ಅನುಚ್ಛೇದ ಉಚಿತ ಕಾನೂನು ನೆರವಿನ ಧ್ಯೇಯವನ್ನೂ ಹೇಳುತ್ತವೆ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ೧೨ನೆಯ ಕಲಮಿನಂತೆ ಅಂಗವಿಕಲತೆಯುಳ್ಳವರೂ, ಮನೋವೈದ್ಯಕೀಯ ಆಸ್ಪತ್ರೆಯಲ್ಲಿರಿಸಿದವರೂ ಸೇರಿದಂತೆ ಬಂಧನದಲ್ಲಿರುವ ಎಲ್ಲರೂ ವರಮಾನವೆಷ್ಟೇ ಇರಲಿ ಈ ನೆರವಿಗೆ ಅರ್ಹರು. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಜಿಲ್ಲಾ ನ್ಯಾಯಾಲಯದಲ್ಲಿ ಪ್ರಾಧಿಕಾರವೂ ತಾಲ್ಲೂಕು ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿಯೂ ಇರುತ್ತವೆ. ಯುವಕನ ತಾಯಿಯೋ ಅಣ್ಣನೋ ಅಲ್ಲಿಗೆ ಹೋಗಿ ಸಂಗತಿ ತಿಳಿಸಿ ಅರ್ಜಿ ಬರೆಸಬಹುದು. ಅರ್ಜಿಯ ಜೊತೆಗೆ ಅವನಿಗೆ ಯಾವಾಗಿನಿಂದ ನಿದ್ರೆ ಕೆಟ್ಟಿತು, ಮಾತು ಯಾವ ಹಬ್ಬದ ಸುಮಾರಿಗೆ ಬದಲಾಯಿತು, ಮೊದಲು ಎಲ್ಲಿ ಔಷಧ ಕೊಡಿಸಿದ್ದರು ಎಂಬುದನ್ನು ತಿಳಿಸಿದರೆ ಮನೋವೈದ್ಯರಿಗೂ ಉಪಕಾರ. ಹಳೆಯ ಔಷಧದ ಚೀಟಿಯೊಂದು ಮನೆಯ ಟ್ರಂಕಿನಲ್ಲಿದ್ದರೆ ಅದನ್ನೂ ಒಯ್ಯಬೇಕು. ಕೃತ್ಯಕ್ಕೆ ಮುಂಚಿನ ತಾರೀಖುಳ್ಳ ಆ ಚೀಟಿಯು ಎರಡೂ ಪ್ರಶ್ನೆಗಳಿಗೆ ಸಾಕ್ಷ್ಯವಾಗಬಲ್ಲುದು.